ನೀರು ನಿಂತಿರುವಾಗಲೇ ಡ್ಯಾಂ ಗೇಟ್ ರಿಪೇರಿ ಮಾಡೋದು ಹೇಗೆ? ಮಿಸಿಸಿಪ್ಪಿಯಿಂದ ತುಂಗಭದ್ರೆಗೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಡುಬ್ಯೂಕ್ ಅಂತ ಒಂದು ಊರಿದೆ, ಮಿಸಿಸಿಪ್ಪಿ ನದಿ ದಂಡೆ ಮೇಲೆ. ಅಲ್ಲಿ ಈಗಲ್ ಪಾಯಿಂಟ್ ಪಾರ್ಕ್ ಅನ್ನೋ ಗುಡ್ಡದ ಮೇಲೆ ನಿಂತ್ರೆ ಕೆಳಗಡೆ ಲಾಕ್ ಅಂಡ್ ಡ್ಯಾಂ ನಂಬರ್ 11 ಪೂರ್ತಿ ಕಾಣುತ್ತೆ. ತಂಗಿ ಮನೆಗೆ ಹೋದಾಗ ಒಂದು ಮಧ್ಯಾಹ್ನ ಅಲ್ಲಿ ನಿಂತಿದ್ದೆ. ಸಾಲಾಗಿ ಕಾಂಕ್ರೀಟ್ ಕಂಬಗಳು, ನಡುನಡುವೆ ಕಬ್ಬಿಣದ ಗೇಟು, ಗೇಟ್ ಕೆಳಗಿಂದ ನುಗ್ಗಿ ಬರೋ ಬಿಳಿ ನೊರೆ. ಮೊಬೈಲಲ್ಲಿ ಅದರ ವಿವರ ತೆಗೆದು ಓದಿದೆ, 13 ಟೇಂಟರ್ ಗೇಟು (ನಾವು ರೇಡಿಯಲ್ ಗೇಟ್ ಅನ್ನೋ ಬಾಗಿದ ಗೇಟು), ಒಂದೊಂದೂ 60 ಅಡಿ ಉದ್ದ 20 ಅಡಿ ಎತ್ತರ. ಓದಿದ ಕೂಡ್ಲೇ ಎದೆ ಝಲ್ ಅಂತು, ಯಾಕಂದ್ರೆ ನಮ್ಮ ಹೊಸಪೇಟೆ ತುಂಗಭದ್ರಾ ಡ್ಯಾಂನ ಕ್ರಸ್ಟ್ ಗೇಟಿನ ಅಳತೆನೂ ಅದೇ, 60 ಬೈ 20.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟ್‌ಗಳಲ್ಲಿ 19ನೇದು ಚೈನ್ ಕಟ್ಟಾಗಿ ಕೊಚ್ಚಿಕೊಂಡು ಹೋಯ್ತಲ್ಲ, ಆ ವಾರ ಗಂಗಾವತಿ ಕಡೆ, ಸಿಂಧನೂರು ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಡ್ಯಾಂ ತುಂಬಿತ್ತು, ಭತ್ತ ನಾಟಿ ನಡೀತಿತ್ತು, ಅಂಥಾ ಹೊತ್ತಲ್ಲಿ ಒಂದು ಕಂಡಿಯಿಂದ 35 ಸಾವಿರ ಕ್ಯೂಸೆಕ್ ಸುಮಾರು ನೀರು ತಡೆಯೋರಿಲ್ಲದೆ ಹರಿದು ಹೋಗ್ತಿದೆ, ಅದರ ಮೇಲಿನ ಒತ್ತಡ ಕಮ್ಮಿ ಮಾಡೋಕೆ ಉಳಿದ ಗೇಟೂ ತೆಗೆದು ಇನ್ನಷ್ಟು ನೀರು ಬಿಡ್ತಿದ್ದಾರೆ ಅಂದ್ರೆ ರೈತನ ಹೊಟ್ಟೆ ಹೇಗಾಗಿರಬೇಡ. ಆ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನೋ ಪದ, ಅಂದ್ರೆ ಕಂಡಿ ಮುಚ್ಚೋಕೆ ಇಳಿಸೋ ಕಬ್ಬಿಣದ ತೊಲೆ, ನಮ್ಮ ಹೋಟೆಲ್ ಕಟ್ಟೆ ಮೇಲೂ ಓಡಾಡಿತು. ಆಮೇಲೆ ಮಳೆ ಕೈ ಹಿಡೀತು, ಡ್ಯಾಂ ಮತ್ತೆ ತುಂಬಿತು, ಪದ ಮರೆತುಹೋಯ್ತು. ಆದ್ರೆ ನನಗೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ: ಯಾವಾಗಲೂ ನೀರು ಹೊತ್ತುಕೊಂಡೇ ನಿಂತಿರೋ ಒಂದು ಗೇಟನ್ನ ಬಿಚ್ಚಿ, ತೊಳೆದು, ರಿಪೇರಿ ಮಾಡಿ ವಾಪಸ್ ಇಡೋದು ಹೇಗೆ? ಇದಕ್ಕೆ ಚೆನ್ನಾಗಿ ಉತ್ತರ ಸಿಗೋದು ದೋಣಿ ಓಡಾಡೋ ನದಿಗಳ ಡ್ಯಾಂಗಳಲ್ಲಿ, ಯಾಕಂದ್ರೆ ಅಲ್ಲಿ ನೀರು ಖಾಲಿ ಮಾಡೋ ಮಾತೇ ಇಲ್ಲ.

ನ್ಯಾವಿಗೇಷನ್ ಡ್ಯಾಂ ಅಂದ್ರೆ ಏನು ಅಂತ ಮೊದಲು ಹೇಳ್ತೀನಿ, ಕರ್ನಾಟಕದವರಿಗೆ ಇದು ಕಣ್ಣಿಗೆ ಬಿದ್ದಿರಲ್ಲ. ನಮ್ಮ ಡ್ಯಾಂ ಅಂದ್ರೆ ಮಳೆಗಾಲದಲ್ಲಿ ತುಂಬಿಸಿಟ್ಟು ಬೇಸಿಗೆಯಲ್ಲಿ ಕಾಲುವೆಗೆ ಬಿಡೋ ಕಣಜ. ಮಿಸಿಸಿಪ್ಪಿ ಮೇಲ್ಭಾಗದ ಡ್ಯಾಂಗಳು ಹಾಗಲ್ಲ, ಅವು ಮೆಟ್ಟಿಲು. ನದಿ ಸಹಜವಾಗಿ ಹರಿದ್ರೆ ಬೇಸಿಗೆಯಲ್ಲಿ ಎಷ್ಟೋ ಕಡೆ ಮೊಣಕಾಲುದ್ದ ನೀರು, ಮರಳು ದಿಬ್ಬ, ದೊಡ್ಡ ದೋಣಿ ಹೋಗಲ್ಲ. ಅದಕ್ಕೆ 1930ರಲ್ಲಿ ಅಮೆರಿಕದ ಕಾಂಗ್ರೆಸ್ಸು ಕನಿಷ್ಠ 9 ಅಡಿ ಆಳ ಇರೋ ದಾರಿ ಮಾಡ್ಬೇಕು ಅಂತ ಒಪ್ಪಿಗೆ ಕೊಡ್ತು, ಆ ದಶಕದಲ್ಲೇ ಹೆಚ್ಚಿನ ಡ್ಯಾಂ ಕಟ್ಟಿದ್ರು. ಮಿನಿಯಾಪೊಲಿಸ್‌ನಿಂದ ಸೇಂಟ್ ಲೂಯಿಸ್ ತನಕ ಇಂಥ 29 ಲಾಕ್‌ಗಳ ಸರಣಿ. ಪ್ರತಿ ಡ್ಯಾಂ ಹಿಂದೆ ನೀರು ಒಂದು ಮಟ್ಟಕ್ಕೆ ನಿಂತಿರುತ್ತೆ, ಅದನ್ನ ಪೂಲ್ ಅಂತಾರೆ, ದೋಣಿ ಒಂದು ಪೂಲಿಂದ ಇನ್ನೊಂದಕ್ಕೆ ಇಳಿಯೋಕೆ ಪಕ್ಕದಲ್ಲಿ ಲಾಕ್ ಅನ್ನೋ ಕಾಂಕ್ರೀಟ್ ತೊಟ್ಟಿ. ನಡೆಸೋದು ಅಲ್ಲಿನ ಸೈನ್ಯದ ಇಂಜಿನಿಯರ್ ದಳ, ಆರ್ಮಿ ಕೋರ್.

ಅಲ್ಲಿ ಹೋಗೋ ಸರಕಿನ ಪ್ರಮಾಣ ನೋಡಿದ್ರೆ ಯಾಕೆ ಇಷ್ಟು ತಲೆಕೆಡಿಸ್ಕೊಂಡಿದ್ದಾರೆ ಅಂತ ಗೊತ್ತಾಗುತ್ತೆ. ಒಂದು ಬಾರ್ಜ್, ಅಂದ್ರೆ ಇಂಜಿನ್ ಇಲ್ಲದ ಚಪ್ಪಟೆ ಸರಕು ದೋಣಿ, ಹೊರೋದು ಸುಮಾರು 1,500 ಟನ್ ಮೆಕ್ಕೆಜೋಳನೋ ಸೋಯಾನೋ ಗೊಬ್ಬರನೋ. ಅಂಥ 15 ಬಾರ್ಜ್‌ಗಳನ್ನ ಅಗಲಕ್ಕೆ ಮೂರು, ಉದ್ದಕ್ಕೆ ಐದು ಅಂತ ವೈರ್ ರೋಪಲ್ಲಿ ಬಿಗಿದು ಒಂದೇ ಬೋಟು ಹಿಂದಿಂದ ತಳ್ಕೊಂಡು ಹೋಗುತ್ತೆ, ಈ ಸಾಲಿಗೆ ಟೋ ಅಂತಾರೆ, ಸಾವಿರ ಲಾರಿ ಲೋಡು ಒಂದೇ ಸಲಕ್ಕೆ. ಆದ್ರೆ ಹೆಚ್ಚಿನ ಲಾಕ್ 600 ಅಡಿ ಮಾತ್ರ ಉದ್ದ, ಹಾಗಾಗಿ ಮೊದಲು 9 ಬಾರ್ಜ್ ಬಿಚ್ಚಿ ಇಳಿಸಿ, ಆಮೇಲೆ ಉಳಿದ 6 ಮತ್ತೆ ಬೋಟನ್ನ ಇಳಿಸಿ, ಕೆಳಗೆ ಮತ್ತೆ ಜೋಡಿಸ್ತಾರೆ. ನಾನು ಗುಡ್ಡದ ಮೇಲೆ ನಿಂತು ನೋಡಿದ ಟೋ ಪೂರ್ತಿ ದಾಟೋಕೆ ಒಂದೂವರೆ ಗಂಟೆ ಮೇಲೆ ಹಿಡೀತು.

ಪ್ರವಾಹ ಬಂದ್ರೆ ಈ ಡ್ಯಾಂ ಏನೂ ತಡೆಯಲ್ಲ, ಎಲ್ಲ ಗೇಟನ್ನೂ ನೀರಿಂದ ಪೂರ್ತಿ ಮೇಲಕ್ಕೆತ್ತಿ ನದಿ ತನ್ನ ಪಾಡಿಗೆ ಹೋಗೋಕೆ ಬಿಡ್ತಾರೆ, ತಡೆದಿಡೋ ಜಾಗವೇ ಅದಕ್ಕಿಲ್ಲ. ಗೇಟಿನ ಕೆಲಸ ನೀರು ಕಮ್ಮಿ ಇರುವಾಗ, ಒಳಹರಿವಿಗೆ ತಕ್ಕಂತೆ ಅರ್ಧ ಅಡಿ ಒಂದಡಿ ಏರಿಸಿ ಇಳಿಸಿ ಪೂಲ್ ಮಟ್ಟ ಕಾಯೋದು. ಅಂದ್ರೆ ಇವು ವರ್ಷಕ್ಕೊಮ್ಮೆ ಎತ್ತೋ ಗೇಟಲ್ಲ, ದಿನಾ ಅಲುಗಾಡೋ ಯಂತ್ರ. ಒಂದು ಗೇಟು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ್ರೆ ಹಿಂದಿನ ಪೂಲ್ ಇಳಿದುಹೋಗುತ್ತೆ. 2005ರ ಜನವರಿಯಲ್ಲಿ ಒಹಾಯೊ ನದಿಯ ಬೆಲ್‌ವಿಲ್ ಡ್ಯಾಂನಲ್ಲಿ ಹೀಗೇ ಆಯ್ತು, ಪ್ರವಾಹದ ಹೊತ್ತಲ್ಲಿ ಬಾರ್ಜ್‌ಗಳು ಬಿಚ್ಚಿಕೊಂಡು ಬಂದು ಗೇಟ್‌ಗಳಿಗೆ ಸಿಕ್ಕಿ ಮುಳುಗಿದವು, ಗೇಟ್ ಮುಚ್ಚೋಕೇ ಆಗಲಿಲ್ಲ, ಪ್ರವಾಹ ಇಳಿದ ಮೇಲೆ ಹಿಂದಿನ ನೀರೂ ಇಳೀತು, ದೋಣಿ ಸಂಚಾರ ನಿಂತುಹೋಯ್ತು. 2013ರ ಏಪ್ರಿಲಲ್ಲಿ ಇಲಿನಾಯ್ ನದಿಯ ಮಾರ್ಸೇಲ್ಸ್ ಡ್ಯಾಂಗೆ ಇದೇ ಥರ ಬಾರ್ಜ್ ಬಡಿದು ಗೇಟ್‌ಗಳು ಹಾಳಾದವು, ಊರಿಗೂ ನೀರು ನುಗ್ಗಿತು.

ಈಗ ಗೇಟಿಗೆ ಬರೋಣ. ನಾವು ರೇಡಿಯಲ್ ಗೇಟ್ ಅನ್ನೋದನ್ನೇ ಅಲ್ಲಿ ಟೇಂಟರ್ ಗೇಟ್ ಅಂತಾರೆ, ವಿಸ್ಕಾನ್ಸಿನ್‌ನ ಮರದ ವ್ಯಾಪಾರದ ಕಂಪನಿಯಲ್ಲಿದ್ದ ಜೆರೆಮಾಯಾ ಟೇಂಟರ್ 1886ರಲ್ಲಿ ಪೇಟೆಂಟ್ ಮಾಡಿಸಿದ್ದು, ಕಾಡಿನ ದಿಮ್ಮಿ ತೇಲಿಸೋಕೆ ನೀರು ಹಿಡಿದಿಡೋ ಉಪಾಯ. ನಮ್ಮ ಆಲಮಟ್ಟಿಯ 26 ಗೇಟೂ ಇದೇ ಜಾತಿ. ಒಂದು ದೊಡ್ಡ ಬಳೆಯ ತುಂಡು ಅಂದ್ಕೊಳ್ಳಿ, ಅದರ ಉಬ್ಬು ನೀರಿನ ಕಡೆ, ಹಿಂದೆ ಎರಡೂ ಪಕ್ಕ ಕಬ್ಬಿಣದ ತೋಳು, ಆ ತೋಳುಗಳು ಕಾಂಕ್ರೀಟ್ ಕಂಬಕ್ಕೆ ಬಿಗಿದ ಒಂದು ದಪ್ಪ ಪಿನ್ ಮೇಲೆ ತಿರುಗ್ತವೆ. ಆ ತಿರುಗೋ ಜಾಗಕ್ಕೆ ಟ್ರನಿಯನ್ ಅಂತ ಹೆಸರು. ಇದರ ಜಾಣತನ ಎಲ್ಲಿದೆ ಅಂದ್ರೆ ನೀರು ಎಷ್ಟೇ ಜೋರಾಗಿ ಒತ್ತಲಿ, ಆ ಒತ್ತಡ ಎಲ್ಲಾ ನೇರ ಆ ಪಿನ್ ಕಡೆಗೇ ಹೋಗುತ್ತೆ, ಗೇಟ್ ಎತ್ತೋ ಮೋಟಾರಿಗೆ ಗೇಟಿನ ತೂಕ ಮತ್ತೆ ಒಂಚೂರು ಉಜ್ಜಾಟ ಬಿಟ್ರೆ ಬೇರೆ ಹೊರೆ ಇಲ್ಲ.

ಆ ಒತ್ತಡ ಎಷ್ಟು ಅಂತ ನಾನೇ ಲೆಕ್ಕ ಹಾಕಿ ನೋಡಿದೆ. 60 ಅಡಿ ಅಗಲ, 20 ಅಡಿ ಎತ್ತರದ ನೇರ ಗೇಟು, ಹಿಂದೆ ತುದಿ ತನಕ ನೀರು ಅಂದ್ರೆ ಸುಮಾರು 340 ಟನ್. ಬರೀ 20 ಅಡಿ ನೀರಿಗೆ ಇಷ್ಟು. ಹಗಲು ರಾತ್ರಿ ಅದನ್ನ ಹೊತ್ತು ನಿಂತಿರೋದು ಅದು.

ಇನ್ನೊಂದು ಜಾತಿ ರೋಲರ್ ಗೇಟು, ನಮ್ಮಲ್ಲಿ ನೋಡೋಕೆ ಸಿಗಲ್ಲ. ಅದು ಕಂಬದಿಂದ ಕಂಬಕ್ಕೆ ಅಡ್ಡ ಮಲಗಿರೋ ದೈತ್ಯ ಕೊಳವೆ, ತುದಿಯಲ್ಲಿ ಹಲ್ಲಿನ ಚಕ್ರ, ಕಂಬದಲ್ಲಿ ಓರೆಯಾಗಿ ಹಲ್ಲಿನ ಪಟ್ಟಿ, ಒಂದು ತುದಿಯಿಂದ ಚೈನ್ ಎಳೆದ್ರೆ ಕೊಳವೆ ಉರುಳ್ಕೊಂಡು ಮೇಲೆ ಹತ್ತುತ್ತೆ. ಜರ್ಮನಿಯಲ್ಲಿ ಹುಟ್ಟಿದ ಐಡಿಯಾ. ರಾಕ್ ಐಲೆಂಡ್‌ನ 15ನೇ ಡ್ಯಾಂನಲ್ಲಿ 11 ಗೇಟೂ ರೋಲರೇ. ಐಸ್ ಗಡ್ಡೆ ಬಂದು ಬಡಿದ್ರೂ ಜಗ್ಗಲ್ಲ ಅನ್ನೋ ಕಾರಣಕ್ಕೆ ಆಗ ಇದನ್ನ ಆರಿಸಿದ್ರು, ಖರ್ಚು ಜಾಸ್ತಿ, ಆಮೇಲಾಮೇಲೆ ಟೇಂಟರ್ ಗೇಟೇ ಗೆದ್ದಿತು.

ಗೇಟು ಕೆಡೋದು ಎಲ್ಲಿಂದ? ಹೊರಗಿಂದ ನೋಡೋರು ಆ ದೊಡ್ಡ ತಗಡನ್ನ ನೋಡ್ತಾರೆ, ತುಕ್ಕು ಹಿಡಿದಿದ್ಯಾ, ಬಣ್ಣ ಹೋಗಿದ್ಯಾ ಅಂತ. ತಗಡು ಅಷ್ಟು ಬೇಗ ಮೋಸ ಮಾಡಲ್ಲ. ಮೋಸ ಮಾಡೋದು ಕೈಗೆ ಎಟುಕದ, ಕಣ್ಣಿಗೆ ಬೀಳದ ಸಣ್ಣ ಸಣ್ಣ ಜಾಗ, ಅದಕ್ಕೆ ಒಂದು ಉದಾಹರಣೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು.

ಕ್ಯಾಲಿಫೋರ್ನಿಯಾದಲ್ಲಿ ಫೋಲ್ಸಮ್ ಅಂತ ಒಂದು ಡ್ಯಾಂ, ದೋಣಿ ಡ್ಯಾಂ ಅಲ್ಲ, ನಮ್ಮ ಥರ ನೀರು ಕೂಡಿಡೋ ಡ್ಯಾಂ, ಆದ್ರೆ ಗೇಟ್ ಅದೇ ಟೇಂಟರ್. 1995ರ ಜುಲೈ 17ರ ಬೆಳಿಗ್ಗೆ ಡ್ಯಾಂ ಹೆಚ್ಚುಕಡಿಮೆ ತುಂಬಿತ್ತು, ಆಪರೇಟರ್ 3ನೇ ಗೇಟನ್ನ ಎಂದಿನಂತೆ ಎತ್ತೋಕೆ ಶುರು ಮಾಡಿದ್ರು, ಎರಡಡಿ ಚಿಲ್ಲರೆ ಎದ್ದಿತ್ತು ಅಷ್ಟೇ, ಗೇಟು ಒಂದು ಪಕ್ಕಕ್ಕೆ ಮುರಿದು ತಿರುಗಿ ಹೋಯ್ತು, ನೀರು 40 ಸಾವಿರ ಕ್ಯೂಸೆಕ್ ತನಕ ಹರೀತು. ತುಂಗಭದ್ರೆಯ ಆ ರಾತ್ರಿಯ ಲೆಕ್ಕಕ್ಕೆ ಹತ್ತಿರದ ಲೆಕ್ಕ. ಅದೃಷ್ಟಕ್ಕೆ ಜೀವ ಹೋಗಲಿಲ್ಲ, ಜಲಾಶಯದ ನೀರು ಮಾತ್ರ ಶೇಕಡಾ 40ರಷ್ಟು ಹೋಯ್ತು. ತನಿಖೆ ಮಾಡಿ ನೋಡಿದ್ರೆ ಕಾರಣ ಟ್ರನಿಯನ್ ಪಿನ್ನು. ಗ್ರೀಸ್ ಸಾಕಾಗಿರಲಿಲ್ಲ, ನೀರಿನ ಪಸೆ ಒಳಗೆ ಹೋಗಿ ಪಿನ್ ಮೇಲೆ ನಿಧಾನಕ್ಕೆ ತುಕ್ಕು ಕಟ್ಟಿತ್ತು, ವರ್ಷ ವರ್ಷ ಉಜ್ಜಾಟ ಜಾಸ್ತಿ ಆಗ್ತಾ ಬಂದಿತ್ತು.

ಮನೆಯಲ್ಲಿ ಬಾಗಿಲಿನ ಕೀಲು ಬಿಗಿದ್ರೆ ಏನ್ ಮಾಡ್ತೀವಿ, ಜೋರಾಗಿ ತಳ್ತೀವಿ, ಬಾಗಿಲು ತಿರುಗೋ ಬದಲು ಹಲಗೆನೇ ಬಾಗೋಕೆ ಶುರು ಆಗುತ್ತೆ ಅಲ್ವಾ? ಗೇಟಲ್ಲೂ ಅದೇ ಆಗಿದ್ದು. ಪಿನ್ ತಿರುಗ್ತಾ ಇಲ್ಲ, ಮೇಲಿಂದ ಮೋಟಾರು ಎಳೀತಾನೇ ಇದೆ, ಆಗ ತೋಳುಗಳು ಬಾಗೋಕೆ ನೋಡ್ತವೆ. ತೋಳನ್ನ ಡಿಸೈನ್ ಮಾಡಿದ್ದು ಉದ್ದಕ್ಕೆ ಬರೋ ಒತ್ತಡಕ್ಕೆ, ಹೀಗೆ ಅಡ್ಡಡ್ಡ ಬಾಗಿಸೋ ಬಲ ಮೊದಲ ಲೆಕ್ಕದಲ್ಲೇ ಇರಲಿಲ್ಲ. ತೋಳಿಗೆ ಬಿಗಿದಿದ್ದ ಅಡ್ಡಪಟ್ಟಿಯ ಬೋಲ್ಟ್ ಜೋಡಣೆ ಮೊದಲು ಬಿಟ್ಟುಕೊಡ್ತು, ಆಮೇಲೆ ಒಂದಾದ ಮೇಲೊಂದು. ಅಲ್ಲಿಂದಾಚೆ ಹಳೇ ಟೇಂಟರ್ ಗೇಟ್ ಪರೀಕ್ಷೆ ಮಾಡೋರು ಮೊದಲು ಕೇಳೋ ಪ್ರಶ್ನೆ ಟ್ರನಿಯನ್ ಹೇಗಿದೆ ಅಂತ. ಗ್ರೀಸ್ ಹಾಕಿದ್ರೆ ಸಾಲದು, ಹಳೇ ಗ್ರೀಸು ಇನ್ನೊಂದು ಪಕ್ಕದಿಂದ ಹೊರಗೆ ಬರ್ತಾ ಇದ್ಯಾ ನೋಡ್ಬೇಕು, ಯಾಕಂದ್ರೆ ಗ್ರೀಸ್ ಪೈಪು ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ರೆ ಗನ್ನು ಎಷ್ಟು ಒತ್ತಿದ್ರೂ ಪಿನ್ನಿಗೆ ಏನೂ ತಲುಪಲ್ಲ. ಮೋಟಾರು ಎಷ್ಟು ಕರೆಂಟ್ ಎಳೀತಿದೆ ಅಂತ ಪ್ರತಿ ಸಲ ಬರೆದಿಟ್ರೂ ಗೊತ್ತಾಗುತ್ತೆ, ಅದೇ ಗೇಟು ಅದೇ ನೀರಿಗೆ ವರ್ಷಕ್ಕೆ ವರ್ಷ ಕರೆಂಟ್ ಜಾಸ್ತಿ ಎಳೆದ್ರೆ ಎಲ್ಲೋ ಬಿಗೀತಿದೆ ಅಂತ ಅರ್ಥ. ಈಗ ಎಷ್ಟೋ ಕಡೆ ಗ್ರೀಸೇ ಬೇಡದ, ತಾನೇ ಜಾರೋ ಬುಶ್ ಹಾಕ್ತಿದ್ದಾರೆ.

ಎರಡನೇ ಜಾಗ ಎತ್ತೋ ಚೈನು ಅಥವಾ ವೈರ್ ರೋಪ್. ಪೂರ್ತಿ ನೀರೊಳಗೆ ಇರೋ ಕಬ್ಬಿಣಕ್ಕಿಂತ ನೀರಿನ ಅಂಚಲ್ಲಿರೋದು, ಒಮ್ಮೆ ಒದ್ದೆ ಒಮ್ಮೆ ಒಣಗು ಆಗೋದು ಬೇಗ ಸಾಯುತ್ತೆ, ಗಾಳಿ ನೀರು ಎರಡೂ ಸಿಗುತ್ತಲ್ಲ. ಚೈನ್ ಹೊರಗಿಂದ ದಪ್ಪಗೇ ಕಾಣುತ್ತೆ, ಆದ್ರೆ ಒಂದು ಕೊಂಡಿ ಇನ್ನೊಂದಕ್ಕೆ ಕೂರೋ ಒಳಗಿನ ಜಾಗ ಸವೆದಿರುತ್ತೆ, ಅಲ್ಲಿ ಕಸ ಮಣ್ಣು ಸೇರಿಕೊಂಡು ಕೊಂಡಿ ತಿರುಗದೆ ಬಿಗಿದುಕೊಂಡ್ರೆ ಚೈನು ಮಡಚೋ ಬದಲು ಬಾಗುತ್ತೆ, ಬಾಗಿದ ಕಬ್ಬಿಣಕ್ಕೆ ಬಿರುಕು ಬರುತ್ತೆ. ಹೊರಗಿಂದ ಬಣ್ಣ ಬಳಿದ್ರೆ ಇದು ಇನ್ನೂ ಮುಚ್ಚಿಹೋಗುತ್ತೆ. ಪತ್ತೆ ಮಾಡ್ಬೇಕಂದ್ರೆ ಚೈನ್ ಇಳಿಸಿ, ಬಿಚ್ಚಿ, ಕೊಂಡಿ ಕೊಂಡಿ ತೊಳೆದು ಕ್ಯಾಲಿಪರಲ್ಲಿ ಅಳೀಬೇಕು. ಇಳಿಸ್ಬೇಕಂದ್ರೆ ಅದರ ಮೇಲೆ ಭಾರ ಇರಬಾರದು. ವೈರ್ ರೋಪಲ್ಲೂ ಹೊರಗಿನ ಎಳೆ ಹೊಳೀತಿರುತ್ತೆ, ಒಳಗಿನ ಎಳೆ ಪುಡಿ ಆಗಿರುತ್ತೆ. ತುಕ್ಕು ಬೇಡ ಅಂತ ಸ್ಟೇನ್‌ಲೆಸ್ ರೋಪ್ ಹಾಕಿದ್ರೆ ಅದು ಸಾಧಾರಣ ಕಬ್ಬಿಣದ ಗೇಟಿಗೆ ತಾಗೋ ಜಾಗದಲ್ಲಿ ಎರಡು ಲೋಹದ ನಡುವೆ ಬ್ಯಾಟರಿ ಥರ ಆಗಿ ಗೇಟಿನ ಕಬ್ಬಿಣ ಬೇಗ ಕರಗುತ್ತೆ, ಹಾಗಾಗಿ ನಡುವೆ ಇನ್ಸುಲೇಷನ್ ಕೊಡ್ಬೇಕು.

ಮೂರನೇದು ರಬ್ಬರ್ ಸೀಲು. ಗೇಟಿನ ಅಂಚಲ್ಲಿ ಇಂಗ್ಲಿಷಿನ ಜೆ ಅಕ್ಷರದ ಆಕಾರದ ರಬ್ಬರ್ ಪಟ್ಟಿ ಇರುತ್ತೆ, ನೀರೇ ಅದನ್ನ ಗೋಡೆಗೆ ಒತ್ತಿ ಹಿಡಿಯುತ್ತೆ. ಅದು ಹರಿದು ಸಣ್ಣ ಸೀಳು ಬಿಟ್ರೆ ಹೋಗೋ ನೀರು ದೊಡ್ಡದಲ್ಲ, ಆದ್ರೆ ಆ ಸೀಳಲ್ಲಿ ನುಗ್ಗೋ ನೀರು ಪಟ್ಟಿಯನ್ನ ಪಟಪಟ ಬಡಿಯುತ್ತೆ, ಆ ಬಡಿತ ಗೇಟಿನ ಸ್ವಂತ ತಾಳಕ್ಕೆ ಕೂಡಿಕೊಂಡ್ರೆ ಗೇಟು ಪೂರ್ತಿ ನಡುಗೋಕೆ ಶುರು. ಮೇಲಿನ ಕಂಬಿ ಹಿಡ್ಕೊಂಡ್ರೆ ಕೈಗೆ ಗುಂಯ್ ಅನ್ಸುತ್ತೆ. ನಡುಕ ದಿನಗಟ್ಟಲೆ ನಡೆದ್ರೆ ವೆಲ್ಡಿಂಗ್ ಬಿರುಕು ಬಿಡುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಅದಕ್ಕೇ ಅನುಭವ ಇರೋ ಆಪರೇಟರ್ ಗೇಟನ್ನ ಒಂದೆರಡು ಇಂಚು ಮಾತ್ರ ತೆರೆದು ಬಿಡಲ್ಲ, ತೆರೆದ್ರೆ ಸರಿಯಾಗಿ ತೆರೀತಾರೆ.

ತುಕ್ಕಿನ ಬಗ್ಗೆ ಜಾಸ್ತಿ ಹೇಳಲ್ಲ. ಮರಳು ಹೊಡೆದು ಹಳೇ ಬಣ್ಣ ಕೆತ್ತಿ, ಸತುವಿನ ಪ್ರೈಮರ್, ಮೇಲೆ ವಿನೈಲ್ ಪೇಂಟ್, ಸರಿಯಾಗಿ ಮಾಡಿದ್ರೆ ಸಿಹಿನೀರಲ್ಲಿ ದಶಕಗಟ್ಟಲೆ ಬಾಳುತ್ತೆ. 1930ರ ದಶಕದ ಗೇಟುಗಳ ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಕೆತ್ತುವಾಗ ಒಂದು ಚೂರೂ ನದಿಗೆ ಬೀಳಬಾರದು, ಹಾಗಾಗಿ ಗೇಟಿನ ಸುತ್ತ ಟೆಂಟ್ ಕಟ್ಟಿ, ಮಾಸ್ಕ್ ಹಾಕ್ಕೊಂಡು ಮಾಡ್ಬೇಕು. ಬಣ್ಣದ ಖರ್ಚಿಗಿಂತ ಟೆಂಟಿನ ಖರ್ಚು ನೋಡಿ ಕಾಂಟ್ರಾಕ್ಟರ್ ಬೆವರೋದು ಉಂಟು.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಪಿನ್ನು, ಕೊಂಡಿ, ರಬ್ಬರ್ ರಿಪೇರಿ ಮಾಡ್ಬೇಕಂದ್ರೆ ಗೇಟಿನ ಮೇಲಿಂದ ನೀರಿನ ಭಾರ ತೆಗೀಬೇಕು. ಪೂಲ್ ಇಳಿಸೋ ಹಾಗಿಲ್ಲ, ದೋಣಿ ನೆಲಕ್ಕೆ ಕೂರುತ್ತೆ, ದಂಡೆ ಊರುಗಳ ಕುಡಿಯೋ ನೀರಿನ ಪೈಪು ಗಾಳಿ ಎಳೆಯುತ್ತೆ. ಹಾಗಾಗಿ ಕಟ್ಟುವಾಗಲೇ ಪ್ರತಿ ಕಂಬದಲ್ಲಿ ಗೇಟಿನ ಮೇಲ್ಗಡೆ, ಅಂದ್ರೆ ನೀರು ಬರೋ ಕಡೆ, ಮೇಲಿಂದ ತಳದ ತನಕ ಒಂದು ಖಾಲಿ ತೋಡು ಬಿಟ್ಟಿರ್ತಾರೆ. ಎದುರುಬದುರು ಎರಡು ಕಂಬದ ತೋಡಿನಲ್ಲಿ ಕಬ್ಬಿಣದ ತೊಲೆಗಳನ್ನ ಒಂದರ ಮೇಲೊಂದು ಇಳಿಸಿದ್ರೆ ಗೇಟಿನ ಮುಂದೆ ಇನ್ನೊಂದು ಗೋಡೆ ಎದ್ದು ನಿಲ್ಲುತ್ತೆ. ಆ ತೊಲೆಗೆ ಅಲ್ಲಿ ಬಲ್ಕ್‌ಹೆಡ್ ಅಂತಾರೆ, ನಮ್ಮ ಸ್ಟಾಪ್‌ಲಾಗ್ ಅದೇ. ಎಲ್ಲ ಕಂಡಿಗೂ ಸಪರೇಟ್ ಬೇಕಿಲ್ಲ, ಒಂದೆರಡು ಸೆಟ್ ಇದ್ರೆ ಸಾಕು, ತೇಲೋ ಕ್ರೇನಲ್ಲಿ ಎತ್ತಿಕೊಂಡು ಕಂಡಿಯಿಂದ ಕಂಡಿಗೆ, ಡ್ಯಾಂನಿಂದ ಡ್ಯಾಂಗೆ ಒಯ್ತಾರೆ.

ಇಳಿಸೋ ಕೆಲಸ ಕೇಳೋಕೆ ಸುಲಭ. ಮೊದಲು ಆ ಗೇಟು ಪೂರ್ತಿ ಮುಚ್ತಾರೆ, ಹರಿವು ನಿಂತು ತೋಡಿನೊಳಗೆ ನೀರು ಅಲ್ಲಾಡದ ಹಾಗೆ ಆಗ್ಬೇಕು. ತೋಡಿನ ತಳದಲ್ಲಿ ಮರದ ದಿಮ್ಮಿ, ಕಲ್ಲು, ಮರಳು ಕೂತಿರುತ್ತೆ, ಡೈವರ್ ಇಳಿದು ಕೈಯಲ್ಲಿ ತಡಕಿ ತೆಗೀಬೇಕು, ಮಿಸಿಸಿಪ್ಪಿ ನೀರಲ್ಲಿ ಕಣ್ಣಿಗೆ ಏನೂ ಕಾಣಲ್ಲ. ಆಮೇಲೆ ಒಂದೊಂದೇ ತೊಲೆ. ಎಲ್ಲ ಕೂತ ಮೇಲೆ ಗೇಟನ್ನ ಒಂಚೂರು ಎತ್ತಿದ್ರೆ ನಡುವಿನ ನೀರು ಸೋರಿಹೋಗಿ, ಹೊರಗಿನ ನೀರು ತೊಲೆಗಳನ್ನ ತೋಡಿಗೆ ಒತ್ತಿ ಕೂರಿಸುತ್ತೆ. ಸಂದಿಯಲ್ಲಿ ಸೋರಿದ್ರೆ ಬೂದಿ, ಸುಟ್ಟ ಕಲ್ಲಿದ್ದಲ ಪುಡಿ ಥರದ್ದು ಮೇಲ್ಗಡೆಯಿಂದ ಸುರೀತಾರೆ, ಸೋರೋ ನೀರೇ ಅದನ್ನ ಸಂದಿಗೆ ಎಳ್ಕೊಂಡು ಹೋಗಿ ತುಂಬುತ್ತೆ. ನಮ್ಮೂರ ಕೆರೆ ತೂಬು ಸೋರಿದಾಗ ಅಜ್ಜ ಭತ್ತದ ಹೊಟ್ಟು, ಜೇಡಿಮಣ್ಣು ಕಲಸಿ ಬಿಡ್ತಿದ್ದದ್ದು ನೆನಪಾಯ್ತು, ಲೆಕ್ಕ ಒಂದೇ. ಈಗ ಗೇಟಿನ ಮೇಲೆ ಭಾರ ಇಲ್ಲ. ಬಿಚ್ಚಬಹುದು, ಪಿನ್ ತೆಗೀಬಹುದು, ಗೇಟನ್ನೇ ಎತ್ತಿ ಬಾರ್ಜ್ ಮೇಲಿಟ್ಟು ಯಾರ್ಡಿಗೆ ಒಯ್ಯಬಹುದು. ಪಕ್ಕದ ಗೇಟುಗಳು ನದಿಯ ನೀರು ಬಿಡ್ತಾ ಇರ್ತವೆ, ದೋಣಿ ಓಡ್ತಾ ಇರುತ್ತೆ.

ಡೈವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ಜೀವಕ್ಕೆ ಅಪಾಯ ತರೋದು ಆಳಕ್ಕಿಂತ ಹೆಚ್ಚಾಗಿ ಒತ್ತಡದ ವ್ಯತ್ಯಾಸ. ಒಂದು ಕಡೆ ನೀರು ತುಂಬಿದೆ, ಇನ್ನೊಂದು ಕಡೆ ಖಾಲಿ, ನಡುವೆ ಒಂದು ಸಣ್ಣ ತೂತು. ನೀರೊಳಗೆ ಆ ತೂತಿನ ಸೆಳೆತ ದೂರದಿಂದ ಗೊತ್ತಾಗಲ್ಲ, ಹತ್ತಿರ ಹೋದ ಕ್ಷಣ ಕೈಯನ್ನೋ ಕಾಲನ್ನೋ ಎಳೆದು ಮುಚ್ಚಿಕೊಳ್ಳುತ್ತೆ, ಆಮೇಲೆ ಎಷ್ಟು ಜನ ಎಳೆದ್ರೂ ಬಿಡಲ್ಲ, ಎರಡೂ ಕಡೆ ನೀರು ಸಮ ಆಗೋ ತನಕ. ಹಾಗಾಗಿ ಡೈವರ್ ಕೆಳಗಿರುವಾಗ ಅಕ್ಕಪಕ್ಕದ ಯಾವ ಗೇಟೂ ಅಲುಗಬಾರದು, ಸ್ವಿಚ್ಚಿಗೆ ಬೀಗ, ಬೀಗದ ಕೈ ಡೈವಿಂಗ್ ಮೇಸ್ತ್ರಿ ಹತ್ತಿರ. ಕರೆ ಮಾಡಿ ಹೇಳಿದ್ದೀನಿ ಅನ್ನೋದು ಇಲ್ಲಿ ನಡಿಯಲ್ಲ.

ಗೇಟು ಯಾರ್ಡಿಗೆ ಬಂದ ಮೇಲೆ ಶುರು ಆಗೋದು ಬಿರುಕಿನ ಹುಡುಕಾಟ. ಬಣ್ಣ ಕೆತ್ತಿ, ಕೆಂಪು ದ್ರವ ಬಳಿದು ಒರೆಸಿ, ಮೇಲೆ ಬಿಳಿ ಪುಡಿ ಹಾಕಿದ್ರೆ ಬಿರುಕಿದ್ದಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತೆ. ಒಳಗಿನದ್ದಕ್ಕೆ ಅಲ್ಟ್ರಾಸೌಂಡು. ಸಿಕ್ಕ ಬಿರುಕಿಗೆ ಕೂಡ್ಲೇ ವೆಲ್ಡಿಂಗ್ ಹೊಡಿಯೋಣ ಅನ್ನೋದು ನಮ್ಮ ಸಹಜ ಬುದ್ಧಿ, ಅಲ್ಲೇ ತಪ್ಪಾಗೋದು. 90 ವರ್ಷದ ಹಿಂದಿನ ಕಬ್ಬಿಣ ರಿವೆಟ್ ಹೊಡೆಯೋಕೆ ಅಂತ ಮಾಡಿದ್ದು, ವೆಲ್ಡಿಂಗಿಗೆ ಅಂತಲ್ಲ. ಅದರಲ್ಲಿ ಕಾರ್ಬನ್, ಗಂಧಕ ಎಷ್ಟಿದೆ ನೋಡದೆ ಬೆಸೆದ್ರೆ ಬೆಸುಗೆ ಪಕ್ಕದ ಕಬ್ಬಿಣ ಗಾಜಿನ ಥರ ಪೆಡಸಾಗಿ, ಆರೋವಾಗ ಹೊಸ ಬಿರುಕು ಬರುತ್ತೆ. ಅದಕ್ಕೆ ಮೊದಲು ಚೂರು ತೆಗೆದು ಲ್ಯಾಬಿಗೆ ಕಳಿಸಿ, ಬಿರುಕಿನ ತುದಿಯಲ್ಲಿ ಒಂದು ದುಂಡಗಿನ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಬಿಸಿ ಮಾಡಿ, ಆಮೇಲೆ ಬೆಸೆಯೋದು. ಎಷ್ಟೋ ಸಲ ಹಳೇ ರಿವೆಟ್ ತೆಗೆದು ಅದೇ ತೂತಿಗೆ ಗಟ್ಟಿ ಬೋಲ್ಟ್ ಬಿಗಿಯೋದೇ ಒಳ್ಳೇದು.

ಲಾಕಿನ ಬಾಗಿಲ ಕಥೆ ಬೇರೆ. ಅದು ಎರಡು ರೆಕ್ಕೆ, ಮುಚ್ಚಿದಾಗ ನೀರು ಬರೋ ಕಡೆಗೆ ಮೂತಿ ಮಾಡಿ ವಿ ಆಕಾರದಲ್ಲಿ ಒಂದಕ್ಕೊಂದು ಒರಗಿ ನಿಲ್ತವೆ, ನೀರು ಒತ್ತಿದಷ್ಟೂ ಗಟ್ಟಿ. ದೊಡ್ಡ ಲಾಕುಗಳಲ್ಲಿ ಒಂದೊಂದು ರೆಕ್ಕೆ ನೂರಾರು ಟನ್, ಕೆಳಗೆ ಒಂದು ಗುಂಡು ತಲೆಯ ಗೂಟದ ಮೇಲೆ ಕೂತು ತಿರುಗುತ್ತೆ, ನಮ್ಮ ಹಳೇ ಮನೆ ಬಾಗಿಲು ಹೊಸ್ತಿಲ ಕುಳಿಯಲ್ಲಿ ತಿರುಗ್ತಿತ್ತಲ್ಲ ಹಾಗೆ. ರೆಕ್ಕೆಯ ಹಿಂಬದಿ ಗೋಡೆಗೆ ಮೇಲಿಂದ ಕೆಳಗೆ ಪೂರ್ತಿ ತಾಗಿರ್ಬೇಕು, ಕೆಲವೇ ಮಿಲಿಮೀಟರ್ ಸಂದಿ ಬಿದ್ರೂ ಗೋಡೆ ಹೊರಬೇಕಾದ ಭಾರ ಆ ಗೂಟದ ಮೇಲೆ ಬರುತ್ತೆ, ಅಲ್ಲಿಂದ ಬಿರುಕು. ಒಹಾಯೊ ನದಿಯ ಗ್ರೀನಪ್ ಲಾಕಲ್ಲಿ 2003ರಲ್ಲಿ ಕೆಲವು ವಾರದ ತಪಾಸಣೆ ಅಂತ ದೊಡ್ಡ ಲಾಕನ್ನ ಖಾಲಿ ಮಾಡಿದ್ರು, ಒಳಗೆ ನೋಡಿದ್ರೆ ಎಣಿಸಿದ್ದಕ್ಕಿಂತ ಕೆಟ್ಟ ಬಿರುಕು, ಕೆಲಸ 52 ದಿನಕ್ಕೆ ಹೋಯ್ತು, ಅಷ್ಟೂ ದಿನ ಬಾರ್ಜ್‌ಗಳು ಪಕ್ಕದ ಸಣ್ಣ ಲಾಕಲ್ಲಿ ಸಾಲು ಕಾದವು. 2009ರಲ್ಲಿ ಅದೇ ನದಿಯ ಮಾರ್ಕ್‌ಲ್ಯಾಂಡ್ ಲಾಕಿನ ಬಾಗಿಲೇ ಕೆಟ್ಟು ದೊಡ್ಡ ಲಾಕು ಸುಮಾರು ಐದು ತಿಂಗಳು ಮುಚ್ಚಿತ್ತು. ತಪಾಸಣೆಗೆ ಅಂತ ನಿಲ್ಲಿಸಿದ್ದು 52 ದಿನ, ತಾನಾಗೇ ಕೆಟ್ಟು ನಿಂತಿದ್ದು ಐದು ತಿಂಗಳು, ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ.

ಮೇಲ್ ಮಿಸಿಸಿಪ್ಪಿಯವರಿಗೆ ಒಂದು ಅನುಕೂಲ ಇದೆ, ಚಳಿಗಾಲ. ಡಿಸೆಂಬರ್ ಹೊತ್ತಿಗೆ ನದಿ ಹೆಪ್ಪುಗಟ್ಟಿ ದೋಣಿ ನಿಂತುಹೋಗುತ್ತೆ, ಮಾರ್ಚ್ ತನಕ ಬರಲ್ಲ. ಆ ಎರಡು ಮೂರು ತಿಂಗಳು ಲಾಕಿನ ಎರಡೂ ತುದಿಗೆ ಬಲ್ಕ್‌ಹೆಡ್ ಇಳಿಸಿ, ಪಂಪಲ್ಲಿ ಖಾಲಿ ಮಾಡಿ, ಒಳಗೆ ಸಿಕ್ಕ ಮೀನುಗಳನ್ನ ನದಿಗೆ ಬಿಟ್ಟು ಕೆಲಸ ಶುರು. ಮೈನಸ್ 20 ಡಿಗ್ರಿ ಚಳಿ, ಪ್ಲಾಸ್ಟಿಕ್ ಟೆಂಟು, ಒಳಗೆ ಹೀಟರು, ಅದರಲ್ಲಿ ವೆಲ್ಡಿಂಗು. ಮಾರ್ಚಲ್ಲಿ ಮೊದಲ ಟೋ ಬರೋ ಮೊದಲು ನೀರು ತುಂಬಿಸಲೇಬೇಕು. ನಮ್ಮಲ್ಲಿ ಮೇ ತಿಂಗಳು ಇದ್ದ ಹಾಗೆ, ಮುಂಗಾರು ಯಾರನ್ನೂ ಕೇಳಿ ಬರಲ್ಲ.

ದುಡ್ಡಿನ ಪಾಡು ಅಲ್ಲೂ ಇದೆ. ಹೊಸ ಲಾಕು ಕಟ್ಟೋಕೆ, ದೊಡ್ಡ ಪುನಶ್ಚೇತನಕ್ಕೆ ಒಂದು ನಿಧಿ ಇದೆ, ಬಾರ್ಜ್ ಬೋಟಿನವರು ಡೀಸೆಲ್ ಗ್ಯಾಲನ್ನಿಗೆ 29 ಸೆಂಟ್ ತೆರಿಗೆ ಕಟ್ತಾರೆ. ಆದ್ರೆ ದಿನನಿತ್ಯದ ಗ್ರೀಸು, ಸೀಲು, ಚೈನು ಬದಲಿಸೋ ದುಡ್ಡು ಸರ್ಕಾರದ ವರ್ಷ ವರ್ಷದ ಬಜೆಟಿಂದ ಬರ್ಬೇಕು, ಅದಕ್ಕೆ ರಿಬ್ಬನ್ ಕತ್ತರಿಸೋ ಸಮಾರಂಭ ಇಲ್ಲ. 50 ವರ್ಷ ಬಾಳಲಿ ಅಂತ ಕಟ್ಟಿದ ಡ್ಯಾಂಗಳು 90ರ ಹತ್ತಿರ ಇವೆ. ಹೊಸದು ಕಟ್ಟೋದು ಎಷ್ಟು ಕಷ್ಟ ಅನ್ನೋಕೆ ಒಹಾಯೊ ನದಿಯ ಹೊಸ ಲಾಕ್-ಡ್ಯಾಂ ಓಮ್‌ಸ್ಟೆಡ್ ನೋಡಿ, 1988ರಲ್ಲಿ 77.5 ಕೋಟಿ ಡಾಲರ್ ಅಂತ ಒಪ್ಪಿಗೆ ಸಿಕ್ಕಿದ್ದು, ಬಳಕೆಗೆ ಬಂದಿದ್ದು 2018ರಲ್ಲಿ, ಸುಮಾರು 300 ಕೋಟಿ ಡಾಲರ್ ಖರ್ಚಾಗಿ. ಅಲ್ಲಿ ತನಕ ಅದರ ಕೆಲಸ ಮಾಡ್ತಿದ್ದದ್ದು 1920ರ ದಶಕದ ಎರಡು ಡ್ಯಾಂಗಳು, ನದಿ ತಳದಲ್ಲಿ ಮಲಗಿರೋ ಹಲಗೆಗಳನ್ನ ದೋಣಿ ಮೇಲಿಂದ ಕೊಕ್ಕೆ ಹಾಕಿ ಒಂದೊಂದಾಗಿ ಎಬ್ಬಿಸಿ ನಿಲ್ಲಿಸ್ತಿದ್ರು.

ಮತ್ತೆ ತುಂಗಭದ್ರೆಗೆ ಬರ್ತೀನಿ. ಡ್ಯಾಂ 1953ರದ್ದು. ಅಲ್ಲಿ ಸ್ಟಾಪ್‌ಲಾಗ್ ಇಳಿಸೋ ಏರ್ಪಾಡು ಇರಲಿಲ್ಲ, ಅಂದ್ರೆ 70 ವರ್ಷ ಆ ಚೈನುಗಳನ್ನ ನೀರಿರುವಾಗ ಭಾರ ಇಳಿಸಿ ಬಿಚ್ಚಿ ನೋಡೋಕೆ ದಾರಿನೇ ಇರಲಿಲ್ಲ. ನೀರು ಗೇಟಿನ ತಳದ ಕ್ರಸ್ಟ್‌ಗಿಂತ ಕೆಳಗೆ ಇಳಿದ ಬೇಸಿಗೆಯ ದಿನಗಳಷ್ಟೇ ಸಿಗ್ತಿದ್ವು. ಗೇಟು ಹೋದ ಮೇಲೆ ತೊಲೆಗಳನ್ನ ಹೊಸದಾಗಿ ಮಾಡಿಸಿ, ಲಾರಿಯಲ್ಲಿ ತಂದು, ಗೇಟ್ ತಜ್ಞ ಕನ್ನಯ್ಯ ನಾಯ್ಡು ನೇತೃತ್ವದಲ್ಲಿ ಆಗಸ್ಟ್ 16-17ರ ಹೊತ್ತಿಗೆ ಹರಿಯೋ ನೀರೊಳಗೇ ಇಳಿಸಿದ್ರು. ಮೇಲೆ ಹೇಳಿದೆನಲ್ಲ, ತೊಲೆ ಇಳಿಸೋಕೆ ಮೊದಲು ಹರಿವು ನಿಲ್ಲಿಸಬೇಕು ಅಂತ, ಅಲ್ಲಿ ನಿಲ್ಲಿಸೋಕೆ ಗೇಟೇ ಇರಲಿಲ್ಲ. ಭೋರ್ಗರೆಯೋ ನೀರಲ್ಲಿ 60 ಅಡಿ ಉದ್ದದ ಕಬ್ಬಿಣ ಕ್ರೇನಿನ ಹಗ್ಗದಲ್ಲಿ ತೂಗಾಡ್ತಿದ್ದ ಆ ವಿಡಿಯೋ ನೋಡಿದವರಿಗೆ ಗೊತ್ತು, ಆ ಕೆಲಸಗಾರರು ಎಂಥಾ ಎದೆಗಾರಿಕೆ ತೋರಿಸಿದ್ರು ಅಂತ. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ನದಿ ಪಾಲಾಗಿತ್ತು.

ಮುಂದಿನ ವರ್ಷ, 2025ರಲ್ಲಿ, ಉಳಿದ ಗೇಟುಗಳ ಮೇಲೂ ನಂಬಿಕೆ ಸಾಲದೆ 105 ಟಿಎಂಸಿ ಹಿಡಿಯೋ ಡ್ಯಾಂನಲ್ಲಿ 80ಕ್ಕೇ ನಿಲ್ಲಿಸಿದ್ರು. 33 ಗೇಟೂ ಬದಲಾಯಿಸೋಕೆ ಡ್ಯಾಂ ಇಳಿಸ್ಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ ಅನ್ನೋ ತೀರ್ಮಾನ ಬಂತು. ಕಂಡಿಯಿಂದ ಕಂಡಿಗೆ ಒಯ್ದು ಇಳಿಸೋ ಒಂದು ಸೆಟ್ ತೊಲೆ, ಕಂಬದಲ್ಲಿ ಅದಕ್ಕೊಂದು ತೋಡು, ಇವು ಮೊದಲೇ ಇದ್ದಿದ್ರೆ ವರ್ಷಕ್ಕೆ ನಾಲ್ಕೈದು ಗೇಟ್ ಅಂತ ಸದ್ದಿಲ್ಲದೆ ಎಷ್ಟೋ ಹಿಂದೇನೇ ಮುಗಿಸಬಹುದಿತ್ತು, ರೈತ ಗದ್ದೆ ಖಾಲಿ ಬಿಡೋ ಪ್ರಸಂಗ ಬರ್ತಿರಲಿಲ್ಲ ಅಂತ ನನ್ನ ಅನಿಸಿಕೆ. 2021ರ ಡ್ಯಾಂ ಸುರಕ್ಷತಾ ಕಾಯ್ದೆ ಬಂದ ಮೇಲೆ ಮುಂಗಾರಿಗೆ ಮೊದಲು ಒಂದು, ಆದ ಮೇಲೆ ಒಂದು ತಪಾಸಣೆ ಕಡ್ಡಾಯ ಆಗಿದೆ. ಆದ್ರೆ ಭಾರ ಹೊತ್ತ ಚೈನನ್ನ ದೂರದಿಂದ ನೋಡಿ ಬರೆದ ರಿಪೋರ್ಟಲ್ಲಿ ಕೊಂಡಿ ಒಳಗಿನ ಸವೆತ ಬರಲ್ಲ.

ಇನ್ನೊಮ್ಮೆ ಆಲಮಟ್ಟಿಗೋ ಕೆಆರ್‌ಎಸ್‌ಗೋ ನಾರಾಯಣಪುರಕ್ಕೋ ಹೋದಾಗ ನೊರೆ ನೋಡಿ ಆದ ಮೇಲೆ ಕಂಬಗಳನ್ನ ನೋಡಿ. ಗೇಟಿನ ಮೇಲ್ಗಡೆ, ನೀರಿನ ಕಡೆ, ಒಂದಡಿ ಎರಡಡಿ ಅಗಲದ ಖಾಲಿ ತೋಡು ನೇರ ಕೆಳಗಿಳಿದಿದ್ಯಾ, ಸೇತುವೆ ಮೇಲೆ ಹಳಿ ಮೇಲೆ ಓಡೋ ಕ್ರೇನ್ ಇದ್ಯಾ, ಪಕ್ಕದಲ್ಲಿ ಎಲ್ಲಾದ್ರೂ ಉದ್ದನೆ ಕಬ್ಬಿಣದ ತೊಲೆಗಳನ್ನ ಜೋಡಿಸಿಟ್ಟಿದ್ದಾರಾ, ಅವುಗಳ ಅಂಚಿನ ರಬ್ಬರ್ ಇನ್ನೂ ಮೆತ್ತಗಿದ್ಯಾ ಇಲ್ಲಾ ಬಿಸಿಲಿಗೆ ಒಡೆದು ಹೋಗಿದ್ಯಾ. ಡುಬ್ಯೂಕಲ್ಲಿ ನಾನು ಕೊನೆಗೆ ನೋಡ್ತಾ ನಿಂತಿದ್ದು ಅದನ್ನೇ, ಕಂಬದ ಮೈಯಲ್ಲಿ ಕಪ್ಪಗೆ ಇಳಿದಿದ್ದ ಒಂದು ಗೆರೆ, ಅಷ್ಟು ದೂರಕ್ಕೂ ಕಾಣ್ತಿತ್ತು.